ರಾಗ ಹಾಕಿ ಓದಿದ ಸುದ್ದಿ

ಬಚ್ಚಲ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೇವಿನ ಕಡ್ಡಿ ಅಗಿಯುತ್ತಿದ್ದ ಮಾಯಣ್ಣನಿಗೆ ನಿನ್ನೆ ಸಂಜೆ ತಾನು ನಕ್ಕದ್ದು ನೆನಪಾಗಿ ಬಾಯಿಯ ಕಹಿಯೆಲ್ಲ ಗಂಟಲಿಗಿಳಿಯಿತು. ನಗುವಂಥದ್ದೇನೂ ಆಗಿರಲಿಲ್ಲ. ತಿಪಟೂರಿನ ರೇವಣಸಿದ್ದಯ್ಯನವರ ಕೊಬ್ಬರಿ ಮಂಡಿಯಲ್ಲಿ ಅವನು ತೂಕದವನು. ಹೆಂಗಸರು ಆರಿಸಿ ತಂದ ಕೊಬ್ಬರಿಯನ್ನು ತಕ್ಕಡಿಗೆ ಹಾಕಿಸಿಕೊಂಡು ತೂಕ ಕೂಗುವುದು ಅವನ ಕೆಲಸ. ನಿನ್ನೆ ಕೊನೆಯ ಬುಟ್ಟಿ ತಂದವಳು ರಾಮಲಕ್ಷ್ಮಮ್ಮ. ಮಾಯಸಂದ್ರಕ್ಕೆ ಕೊಟ್ಟಿದ್ದ ಹುಡುಗಿ; ಗಂಡನ ಮನೆಯವರು ತವರಿಗೆ ಅಟ್ಟಿದ ಮೇಲೆ ಅಣ್ಣ ಅತ್ತಿಗೆಯ ಜೊತೆಗಿದ್ದು ಮಂಡಿಗೆ ಬರುತ್ತಿದ್ದಳು. ಮಾತು ಕಡಿಮೆ. ಬುಟ್ಟಿ ಇಳಿಸಿ, ಕೈಯ ಎಣ್ಣೆಜಿಡ್ಡನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಊಟವಾಯಿತೇ ಎಂದು ಕೇಳುವ ದನಿಯಲ್ಲಿ, “ಅಣ್ಣಾ, ನನ್ನ ಸುದ್ದಿ ಪೇಪರ್‌ನಾಗೆ ಬಂದ್ರೂ ಹಂಗೇ ರಾಗ ಹಾಕಿ ಓದ್ತೀಯಾ?” ಎಂದಳು. “ಓದ್ತೀನಿ ಬುಡು. ನಿಂದೇನವ್ವ ಬತ್ತದೆ ಪೇಪರ್‌ನಾಗೆ, ಇನ್ನೊಂದು ಲಗ್ನಪತ್ರಿಕೆನಾ?” ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆ ಆಡಿದ ಮಾತು ಬೆಳಗಿನ ತನಕ ಅವನ ತಲೆಯ ಯಾವ ಮೂಲೆಯಲ್ಲಿ ಕೂತಿತ್ತೋ, ಈಗ ಎದ್ದು ಬಂದು ಮುಂದೆ ನಿಂತಿತ್ತು. ಹುಡುಗನಾಗಿದ್ದಾಗ ಬಿಳಿಗೆರೆಯ ಮನೆಯ ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೋ ಇನ್ನೂ ನೀರಿದೆಯೋ ಎಂದು ಹೇಳಿ ದೊಡ್ಡವರಿಂದ ಶಹಬ್ಬಾಸ್ ಅನ್ನಿಸಿಕೊಂಡವನು ಅವನು. ಅಂಥ ಕಿವಿಯ ಪಕ್ಕದಲ್ಲೇ ನಿಂತು ಅವಳು ಹೇಳಿದ್ದಳು.

ಹಂಗೇ ರಾಗ ಹಾಕಿ. ಹಂಗೇ ಅಂದರೆ ಯಾವ ಹಾಗೆ ಎಂದು ಅವನಿಗೆ ಗೊತ್ತಿಲ್ಲದೆ ಏನು. ಮಂಡಿಯಲ್ಲಿ ಮಧ್ಯಾಹ್ನ ಉಂಡ ಮೇಲೆ ಸಾಹುಕಾರರು ನೋಡಿ ಬಿಟ್ಟ ಪೇಪರನ್ನು ಅವನು ಹೆಂಗಸರಿಗೆ ಓದಿ ಹೇಳುವುದು ಹಿಂದಿನಿಂದ ಬಂದ ಪದ್ಧತಿ. ಓದು ಬಾರದ ಹೆಂಗಸರು ಕೊಬ್ಬರಿ ರಾಶಿಯ ಸುತ್ತ ಕಾಲು ಚಾಚಿಕೊಂಡು ಎಲೆ ಅಡಿಕೆ ಹಾಕುತ್ತ ಕೇಳುತ್ತಿದ್ದರು. ಶ್ರಾವಣದಲ್ಲಿ ಊರಿನ ಗುಡಿಯ ಮುಂದೆ ಪುರಾಣ ಓದಿ ಪಳಗಿದ ಗಂಟಲು ಅವನದು. ತಬ್ಬಲಿಯಾದ ರಾಣಿ ಕಾಡಿನಲ್ಲಿ ಅಳುವ ಭಾಗ ಬಂದರೆ ಊರ ಹೆಂಗಸರು ಮೂಗು ಸೀಟುವ ತನಕ ಅವನು ಬಿಡುತ್ತಿರಲಿಲ್ಲ. ಆದರೆ ಪೇಪರಿನಲ್ಲಿ ಅಂಥ ರಾಣಿಯರು ಎಲ್ಲಿ ಸಿಗುತ್ತಾರೆ? ಮಂತ್ರಿಯ ಭಾಷಣ, ಸಕ್ಕರೆಯ ಅಭಾವ, ಬೋರನಕಣಿವೆ ಜಲಾಶಯಕ್ಕೆ ಬಂದ ನೀರು. ಇವಕ್ಕೆ ರಾಗ ಕೂರುವುದಿಲ್ಲ. ಹೀಗಿರುವಾಗ ಹಿಂದಿನ ವಾರ ಆ ಸುದ್ದಿ ಬಂತು. ಯಾವುದೋ ದೂರದ ಊರಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದ ಹುಡುಗಿ ಪ್ರಾಣ ಕಳೆದುಕೊಂಡಿದ್ದಳು. ಪೇಪರಿನವರು ಮುಖಪುಟದಲ್ಲೇ ದೊಡ್ಡ ಫೋಟೋ ಹಾಕಿ, ಬಾಡಿದ ಮಲ್ಲಿಗೆಮೊಗ್ಗು ಎಂದು ತಲೆಬರಹ ಕೊಟ್ಟು, ಅವಳು ಆ ದಿನ ಉಟ್ಟ ಸೀರೆಯ ಬಣ್ಣದಿಂದ ಹಿಡಿದು ಎಲ್ಲವನ್ನೂ ಬರೆದಿದ್ದರು. ಹೇಗೆ ಸತ್ತಳು ಎಂಬುದನ್ನಂತೂ, ಅಡುಗೆ ಹೇಳಿಕೊಡುವವರು ಇದಾದ ಮೇಲೆ ಇದು ಎನ್ನುವ ಹಾಗೆ, ಒಂದೂ ಬಿಡದೆ ಹೇಳಿದ್ದರು. ಕೊನೆಯಲ್ಲಿ, ನೋವಿಲ್ಲದ ನಾಡಿಗೆ ನಡೆದಳು ಎಂದು ಮುಗಿಸಿದ್ದರು. ಆ ಸಾಲು ಕಣ್ಣಿಗೆ ಬಿದ್ದದ್ದೇ ತಡ, ಮಾಯಣ್ಣನ ಗಂಟಲಿಗೆ ರಾಣಿಯ ರಾಗ ತಾನಾಗಿ ಬಂದು ಕೂತಿತು.

ಅವತ್ತು ಹೆಂಗಸರು ಅತ್ತರು. ಚೀಲ ಹೊಲಿಯುವ ಚಿಕ್ಕರಂಗಯ್ಯ ಕೂಡ ದಬ್ಬಳವನ್ನು ಚೀಲಕ್ಕೆ ಚುಚ್ಚಿ ಹಾಗೆಯೇ ಕೂತುಬಿಟ್ಟ. ಸಂಜೆ ಮಾಯಣ್ಣ ಮದುವೆಗಂಡಿನ ಠೀವಿಯಲ್ಲಿ ಮನೆಗೆ ನಡೆದ. ಮರುದಿನ ಕೊಬ್ಬರಿ ಆರಿಸುವ ಕೆಂಪಕ್ಕ, “ಅದನ್ನೇ ಇನ್ನೊಂದ್ಸಲ ಓದಣ್ಣ, ನಿನ್ನೆ ಬರ್ದೇ ಇದ್ದೋರೂ ಕೇಳ್ಲಿ” ಎಂದಳು. ಓದಿದ. ಅದರ ಮರುದಿನ ಅವರು ಕೇಳಲಿಲ್ಲ; ಅವನೇ ಜೇಬಿನಿಂದ ಹಾಳೆ ತೆಗೆದ. ಈಗ ನೆನೆದರೆ, ಮೂರು ಸಲವೂ ರಾಮಲಕ್ಷ್ಮಮ್ಮ ಅಳಲಿಲ್ಲ. ಕೈಯಲ್ಲಿದ್ದ ಕೊಬ್ಬರಿಯನ್ನು ಅತ್ತ ಒಳ್ಳೆಯದಕ್ಕೂ ಹಾಕದೆ ಇತ್ತ ಕೌಟು ವಾಸನೆಯದಕ್ಕೂ ಹಾಕದೆ ಅಳುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದಳು. ಒಬ್ಬ ಹುಡುಗಿಗಾಗಿ ಇಷ್ಟು ಜನ ಅಳುವುದನ್ನು ಅವಳು ಇದುವರೆಗೆ ಕಂಡಿರಲಿಕ್ಕಿಲ್ಲ. ತನ್ನ ಹಾಡುಗಾರಿಕೆಯನ್ನು ನೋಡಿಕೊಳ್ಳುವ ಸಡಗರದಲ್ಲಿ ಅವನು ಅದನ್ನು ಕಂಡೂ ಕಾಣಲಿಲ್ಲ.

“ಕಡ್ಡಿ ಮುರಿದು ನುಂಗ್ತಿಯೇನೋ,” ಎಂದು ಹೆಂಡತಿ ಹೊಂಬಾಳಮ್ಮ ಒಲೆಯ ಮುಂದಿನಿಂದ ಹೇಳಿದಳು. ಅವನು ಬಾಯಿ ಮುಕ್ಕಳಿಸಿ ಒಳಗೆ ಬಂದು, ಒಂದು ಮಾತು ಕೇಳಬೇಕು ಎನ್ನುವವನಂತೆ ನಿಂತ. ಏನು ಕೇಳುವುದು? ಒಬ್ಬಳು ಸಾಯುತ್ತೇನೆ ಅನ್ನದೆಯೇ ಸಾಯುತ್ತೇನೆ ಅಂದರೆ ಏನು ಮಾಡಬೇಕು ಎಂದೇ? ಅವನು ನಿಂತದ್ದನ್ನು ನೋಡಿ ಅವಳು ಮುದ್ದೆ ತಿರುವುತ್ತಲೇ ಅಂದಳು: “ಸತ್ತೋಳಿಗೆ ಅಷ್ಟೊಂದು ರಾಗ ಸುರಿದ್ಯಂತೆ ಮಂಡೀಲಿ, ನಿಮ್ಮ ಮಂಡಿ ಗಂಗಕ್ಕನೇ ಹೇಳಿದ್ಲು. ಮನೇಲಿ ಬದುಕಿರೋರ್ನ ಮಾತಾಡ್ಸಕ್ಕೆ ಬಾಯಿ ಬರಲ್ಲ.” ಇದು ಅವಳು ಬೇರೆ ಬೇರೆ ಮಾತುಗಳಲ್ಲಿ ಮದುವೆಯಾದಾಗಿನಿಂದ ಹೇಳುತ್ತ ಬಂದದ್ದೇ. ಇವತ್ತು ಮಾತ್ರ ಅದು ನೆಟ್ಟಗೆ ಹೋಗಿ ನಾಟಿತು. ಅವನು ಕೇಳಬೇಕಾದದ್ದನ್ನು ಕೇಳದೆ ಅಂಗಿ ಹಾಕಿಕೊಂಡು ಹೊರಟ.

ಬೆಂಗಳೂರಿನ ರೈಲು ಬಂದಾಗ ಸ್ಟೇಷನ್ನಿಗೆ ಹೋಗಿ ಸಾಹುಕಾರರ ಪೇಪರನ್ನು ತರುವುದೂ ಅವನ ಪಾಲಿನ ಕೆಲಸವೇ. ಮಡಿಕೆ ಬಿಚ್ಚದೆ ತಂದು ಗದ್ದಿಗೆಯ ಮೇಲಿಡಬೇಕು. ಮೊದಲ ಮಡಿಕೆ ಬಿಚ್ಚುವ ಹಕ್ಕು ಸಾಹುಕಾರರದು. ಇವತ್ತು ಮಾಯಣ್ಣ ಸ್ಟೇಷನ್ನಿನ ಹೊರಗೆ ಹೊಂಗೆಮರದ ಕೆಳಗೆ ನಿಂತು ಕಳ್ಳನಂತೆ ಅತ್ತಿತ್ತ ನೋಡಿ ಪೇಪರು ಬಿಚ್ಚಿದ. ಮುಖಪುಟದಲ್ಲಿ ಏನೂ ಇರಲಿಲ್ಲ. ಒಳಪುಟದ ಕೆಳಗಡೆ ಚಿಕ್ಕದಾಗಿ ಇತ್ತು. ಇನ್ನೊಂದು ಊರು, ಇನ್ನೊಬ್ಬ ಹುಡುಗಿ, ಅದೇ ರೀತಿ. ಅವಳ ದಿಂಬಿನಡಿಯಲ್ಲಿ ಹಿಂದಿನ ವಾರದ ಪತ್ರಿಕೆಯ ಹಾಳೆ ಮಡಚಿಟ್ಟಿತ್ತೆಂದು ಪೊಲೀಸರು ತಿಳಿಸಿದ್ದಾರೆ. ಮಾಯಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ಅದೇ ಹಾಳೆ ಅಲ್ಲಿಯೂ ಮಡಚಿಕೊಂಡೇ ಇತ್ತು. ಆ ಊರಿನಲ್ಲೂ ಒಬ್ಬ ಮಾಯಣ್ಣ ಇದ್ದನೋ ಏನೋ. ಅವನಿಗೂ ಒಳ್ಳೆಯ ಗಂಟಲಿತ್ತೋ ಏನೋ. ಇಲ್ಲದಿದ್ದರೆ ಬರೆದವನ ಅಕ್ಷರಕ್ಕೇ ಗಂಟಲಿತ್ತು. ಕಾಣದ ಊರಿನ ಕಾಣದ ಹುಡುಗಿಯ ಸಾವಿಗೂ ತನಗೂ ಸಂಬಂಧವಿಲ್ಲ ಎಂದು ಹೇಳಿಕೊಂಡು ನಾಲ್ಕು ಹೆಜ್ಜೆ ನಡೆದ. ಕಂಡ ಹುಡುಗಿ ಈಗ ಮಂಡಿಗೆ ಬಂದಿರುತ್ತಾಳೋ ಇಲ್ಲವೋ ಎಂದು ನೆನಪಾದ ಕೂಡಲೇ ಕಾಲು ಬಿರುಸಾದವು. ಪಂಚೆ ಎತ್ತಿ ಕಟ್ಟಿ ಓಡುತ್ತಿದ್ದ ಅವನನ್ನು ನೋಡಿ ಸೋಡಾ ಅಂಗಡಿಯವನು, “ಯಾಕಣ್ಣ, ರೈಲು ಆ ಕಡೆ ಐತೆ,” ಎಂದು ಕೂಗಿ ನಕ್ಕ.

ಬಂದಿದ್ದಳು. ರಾಶಿಯ ಆಚೆ ಬದಿಯಲ್ಲಿ, ಎಂದಿನ ಜಾಗದಲ್ಲಿ ಕೂತು, ಕೊಬ್ಬರಿಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ಬೇರೆ ಮಾಡುತ್ತಿದ್ದಳು. ಮಾಯಣ್ಣನಿಗೆ ಎಷ್ಟು ಸಂತೋಷವಾಯಿತೆಂದರೆ, ಮೂಟೆಗಳ ಸಂದಿಯಲ್ಲಿ ನಿಂತು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡ. ಆಮೇಲೆ ನಾಚಿಕೆಯಾಯಿತು. ಅವಳು ಬಂದದ್ದಕ್ಕೋ, ತಾನು ಬಚಾವಾದದ್ದಕ್ಕೋ? ಸಾಹುಕಾರರು ಪೇಪರಿನ ಮಡಿಕೆ ನೋಡಿ, “ಏನ್ ಮಾಯಣ್ಣ, ಇವತ್ತು ನಮಗಿಂತ ಮುಂಚೆ ಗಾಳಿ ಓದೈತೆ,” ಎಂದು ಮೂಗಿನ ಮೇಲಿನ ಕನ್ನಡಕದಿಂದ ಅವನನ್ನು ನೋಡಿದರು. ಆ ಚಿಕ್ಕ ಸುದ್ದಿಯ ಹಿಂಬದಿಯಲ್ಲೇ ಸಾಹುಕಾರರು ದಿನವೂ ನೋಡುವ ಕೊಬ್ಬರಿ ಧಾರಣೆ ಅಚ್ಚಾಗಿತ್ತು. ಹರಿದು ಬಿಸಾಡುವ ಹಾಗೂ ಇರಲಿಲ್ಲ.

ಬೆಳಗಿನ ತೂಕದ ಹೊತ್ತಿಗೆ ಅವನು ಅವಳನ್ನು ಹಿಂದೆಂದೂ ನೋಡದ ಹಾಗೆ ನೋಡಿದ. ಹೆಂಗಸರನ್ನು ಅವರವರ ಊರಿನ ಮೇಲೆ ಕೂಗುವುದು ತಕ್ಕಡಿಯ ರೂಢಿ: ಬಿಳಿಗೆರೆ ಒಂದು, ಹುಳಿಯಾರು ಒಂದು. ಇವಳ ಬುಟ್ಟಿ ಬಂದಾಗ ಅವನು ಇಷ್ಟು ದಿನವೂ “ಮಾಯಸಂದ್ರ ಒಂದು” ಎಂದೇ ಕೂಗುತ್ತ ಬಂದಿದ್ದ. ಕೂಗಬೇಕೆಂದು ಇವತ್ತೂ ಬಾಯಿ ತೆರೆದವನು ನಿಂತ. ಯಾವ ಊರು ಅವಳನ್ನು ಹೊಸ್ತಿಲಿನಿಂದ ಆಚೆ ಹಾಕಿತೋ ಆ ಊರಿನ ಹೆಸರಿನಲ್ಲಿ ದಿನವೂ ಮಂಡಿಯ ತುಂಬ ಅವಳನ್ನು ಕೂಗಿದ್ದ. ಮುಂದಿನ ಬುಟ್ಟಿಯವಳಾಗಿ ನಿಂತಿದ್ದ ಕೆಂಪಕ್ಕ, “ಈ ರಾಮಲಕ್ಷ್ಮಿ ನೋಡಣ್ಣ, ಹೊಸ ಕುಪ್ಪಸದ ಬಟ್ಟೆ ನಂಗೆ ಕೊಟ್ಬುಟ್ಲು. ನಂಗ್ಯಾಕೆ, ನೀನೇ ಹೊಲಿಸ್ಕೊ ಅಂತಾಳೆ. ಅವರವ್ವ ಇದ್ದಾಗ ಹಬ್ಬಕ್ಕೆ ಅಂತ ತೆಗೆದಿಟ್ಟಿದ್ದಂತೆ, ಪಾಪ,” ಎಂದು ಖುಷಿಯಲ್ಲಿ ಹೇಳಿದಳು. ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ಮಾಯಣ್ಣ ಯಾವುದೋ ತೂಕ ಕೂಗಿದ. ರಾಮಲಕ್ಷ್ಮಮ್ಮ ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹಗುರವಾಗಿ ನಡೆದು ಹೋದಳು. ಆ ಹಗುರ ಅವನಿಗೆ ಸರಿ ಕಾಣಲಿಲ್ಲ.

ಮಧ್ಯಾಹ್ನ ಎಲ್ಲರೂ ಉಂಡರು. ಪೇಪರು ಅವನ ಕೈಗೆ ಬಂತು. ಓದದೆ ಇರಬಹುದಿತ್ತು, ಆದರೆ ಕೆಂಪಕ್ಕನಿಗೆ ಊಟಕ್ಕೆ ಮುಂಚೆಯೇ ಪಕ್ಕದ ಮಂಡಿಯವರು ಯಾರೋ ಹೇಳಿದ್ದರು. “ಇನ್ನೊಂದು ಹುಡುಗಿದು ಬಂದೈತಂತಲ್ಲಣ್ಣ, ಅದ ಓದು,” ಎಂದಳು. ರಾಮಲಕ್ಷ್ಮಮ್ಮ ತಲೆ ಎತ್ತಿದಳು. ಮಾಯಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಹಾಳೆಯ ಮೇಲೆ ಕಣ್ಣಿಟ್ಟು, ಅಲ್ಲಿ ಇಲ್ಲದ್ದನ್ನು ಓದತೊಡಗಿದ. ಹುಡುಗಿ ಮನಸ್ಸಿಗೆ ಬೇಸರ ಮಾಡಿಕೊಂಡಿದ್ದಳು ಎಂದು ಓದಿದ. ಪಕ್ಕದ ಮನೆಯ ಹೆಂಗಸೊಬ್ಬರಿಗೆ ಯಾಕೋ ಅನುಮಾನ ಬಂದು ಹೋಗಿ ಮಾತಾಡಿಸಿದರು, ಕರೆದುಕೊಂಡು ಹೋಗಿ ಜೊತೆಯಲ್ಲಿರಿಸಿಕೊಂಡರು, ಆಸ್ಪತ್ರೆಗೆ ತೋರಿಸಿದರು, ಈಗ ಹುಡುಗಿ ಉಣ್ಣುತ್ತಿದ್ದಾಳೆ, ಉಡುತ್ತಿದ್ದಾಳೆ ಎಂದು ಓದಿದ. ಹೇಳುತ್ತ ಹೇಳುತ್ತ ಅವನಿಗೇ ಅದು ನಿಜವಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ದುಃಖ ಬಂತು. ಆದರೆ ರಾಗ ಬರಲಿಲ್ಲ. ಸಾಯುವವಳಿಗೆ ಅಷ್ಟು ಸಲೀಸಾಗಿ ಹರಿದ ಗಂಟಲು ಬದುಕಿದವಳ ಹತ್ತಿರ ಬಂದು ಒಣಗಿ ಕೂತಿತು. ಉಣ್ಣುವುದಕ್ಕೆ ಉಡುವುದಕ್ಕೆ ಯಾವ ಪುರಾಣದಲ್ಲೂ ಅವನು ರಾಗ ಕಲಿತಿರಲಿಲ್ಲ.

“ಇದೇನಣ್ಣ,” ಎಂದಳು ಕೆಂಪಕ್ಕ ಬಾಯಿಯ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿ. “ಬದುಕಿರೋಳ ಸುದ್ದೀನ ಯಾಕೆ ಪೇಪರ್‌ನಾಗೆ ಹಾಕ್ತಾರೆ?”

ಯಾರೋ ನಕ್ಕರು. ಗಂಗಕ್ಕ ಮಾತ್ರ ನಗಲಿಲ್ಲ. ಮಂಡಿಯಲ್ಲಿ ಹಿರಿಯಳು ಅವಳು, ಆರಿಸುವ ಹೆಂಗಸರ ಮೇಲೆ ಸಾಹುಕಾರರಿಗಿಂತ ಅವಳದೇ ಮಾತು ಹೆಚ್ಚು. ಅವಳು ಮಾಯಣ್ಣನ ಮುಖ ನೋಡುತ್ತ ಏನನ್ನೋ ಅಳೆಯುತ್ತಿದ್ದಳು. ಅಷ್ಟರಲ್ಲಿ ರಾಮಲಕ್ಷ್ಮಮ್ಮ ಎದ್ದು ಬಂದು ಅವನ ಮಡಿಲಿನಿಂದ ಪೇಪರು ತೆಗೆದುಕೊಂಡಳು. ಅವಳು ಏಳನೆಯ ಕ್ಲಾಸಿನ ತನಕ ಸ್ಕೂಲಿಗೆ ಹೋದವಳೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬೆರಳು ಇಟ್ಟು, ತುಟಿ ಅಲ್ಲಾಡಿಸುತ್ತ ಓದಿದಳು. ಮುಗಿಸಿ ಪೇಪರನ್ನು ಎಲ್ಲಿತ್ತೋ ಅಲ್ಲೇ ಇಟ್ಟಳು.

“ಸತ್ತೋಗವ್ಳೆ ಅಂತ ಐತೆ,” ಎಂದಳು. ಹೇಳಿ, ತನ್ನ ತುಂಬಿದ ಬುಟ್ಟಿಯನ್ನೆತ್ತಿಕೊಂಡು ತಕ್ಕಡಿಯ ಕಡೆಗೆ ಹೋದಳು.

ಮಂಡಿಯಲ್ಲಿ ಗುಜುಗುಜು ಶುರುವಾಯಿತು. ಸುಳ್ಳು ಓದಿದನಂತೆ, ಹಂಗಾರೆ ಇಷ್ಟು ದಿನ ಓದಿದ್ದೂ ಸುಳ್ಳೇ ಇರಬೇಕು, ಮಂತ್ರಿ ಭಾಷಣ ಮಾಡಿದ್ದೂ ಸುಳ್ಳು. ಚಿಕ್ಕರಂಗಯ್ಯ ದಬ್ಬಳ ಬಾಯಲ್ಲಿ ಕಚ್ಚಿಕೊಂಡು ನೋಡುತ್ತಿದ್ದ. ಮಾಯಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಜೀವಮಾನವೆಲ್ಲ ಅವನು ಸಂಪಾದಿಸಿದ್ದೆಂದರೆ ಈ ಹೆಂಗಸರು ಅವನ ಬಾಯಿಯನ್ನು ನಂಬುತ್ತಿದ್ದದ್ದು. ಅದು ಹೋಯಿತು. ಹೋದದ್ದನ್ನು ನೋಡುತ್ತ ಕೂರಲು ಈಗ ಪುರುಸೊತ್ತಿಲ್ಲ ಎಂದೂ ಅನ್ನಿಸಿತು. ಎದ್ದು ತಕ್ಕಡಿಯ ಹತ್ತಿರ ಹೋದ. ಅವಳು ಬುಟ್ಟಿಯನ್ನು ತಟ್ಟೆಗೆ ಸುರಿದು ನಿಂತಿದ್ದಳು. ಅವನು ತೂಕದ ಕಲ್ಲು ಹಾಕಲಿಲ್ಲ. ಖಾಲಿ ತಟ್ಟೆ ಮೇಲೆಯೇ ನಿಂತಿತ್ತು.

“ಸುಳ್ಳೇ ಓದ್ದೆ ಕಣವ್ವ,” ಎಂದ. ದನಿ ಅವನದೇ ಎಂದು ಅವನಿಗೆ ಗುರುತು ಸಿಗಲಿಲ್ಲ, ಅಷ್ಟು ಸಪ್ಪಗಿತ್ತು. “ನಿನ್ನೆ ನೀನು ಕೇಳ್ದಾಗ ನಕ್ಬುಟ್ಟೆ. ನಗಬಾರ್ದಾಗಿತ್ತು. ಈಗ ನೆಟ್ಟಗೆ ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ. ಸಾಯ್ಬೇಕು ಅಂತ ಐತಾ ಮನಸ್ನಾಗೆ?”

ಹಾಗೆ ಕೇಳಿದರೆ ಇಲ್ಲದವರ ಮನಸ್ಸಿನಲ್ಲೂ ಹುಟ್ಟಿಸಿದ ಹಾಗಾಗುತ್ತದೆ ಎಂದು ಎಲ್ಲರೂ ಅನ್ನುತ್ತಾರೆ. ಕೆಟ್ಟದ್ದರ ಹೆಸರೆತ್ತಬಾರದು ಎಂದು ಅವನ ಅವ್ವನೂ ಹೇಳುತ್ತಿದ್ದಳು. ರಾಮಲಕ್ಷ್ಮಮ್ಮ ತಟ್ಟೆಯಲ್ಲಿದ್ದ ಕೊಬ್ಬರಿಯನ್ನು ನೋಡುತ್ತ ನಿಂತಳು. ಇಲ್ಲಣ್ಣ, ಸುಮ್ಕೆ ಅಂದೆ, ಎಂದುಬಿಡಲಿ ಎಂದು ಅವನು ಎಲ್ಲ ದೇವರಿಗೂ ಬೇಡಿಕೊಳ್ಳುತ್ತಿದ್ದ.

“ಐತೆ,” ಎಂದಳು.

ಅಷ್ಟೇ. ಅಳಲೂ ಇಲ್ಲ. ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದವಳ ಹಾಗೆ ಅವಳ ಹೆಗಲು ಸ್ವಲ್ಪ ಕೆಳಗಾಯಿತು. ಮಾಯಣ್ಣ ಬಾಯಿ ತೆರೆದ. ಊರಿಗೆಲ್ಲ ಪುರಾಣ ಹೇಳಿದ ಬಾಯಿಗೆ ಮುಂದಿನ ಮಾತು ಗೊತ್ತಿರಲಿಲ್ಲ. ನಿಂತ. ಅವಳೂ ನಿಂತಳು. ಹೀಗೆ ಇಬ್ಬರೂ ನಿಂತಿರುವಾಗ, ಅವನು ನಿಂತಿದ್ದಾನೆ, ಹೋಗಿಲ್ಲ ಎಂಬುದಕ್ಕೋ ಏನೋ, ಅವಳು ಒಂದೊಂದೇ ಹೇಳಿದಳು. ಮಾಯಸಂದ್ರದವರು ಆಡಿದ ಮಾತು, ಅತ್ತಿಗೆ ತಟ್ಟೆ ಇಡುವ ರೀತಿ, ಯಾವುದೂ ದೊಡ್ಡದಲ್ಲ ಎಂದು ಅವಳೇ ಹೇಳಿ ಹೇಳಿ ಮುಂದುವರಿಸಿದಳು. ಆ ಹುಡುಗಿಯ ಫೋಟೋ ಹಾಕಿದ್ದರಲ್ಲ, ಅವಳ ಪೂರಾ ಹೆಸರು ಹಾಕಿದ್ದರಲ್ಲ, ಎಂದಳು. ನೀವೆಲ್ಲ ಅತ್ರಲ್ಲ, ಎಂದಳು.

“ಅತ್ತಿದ್ದು ನನ್ನ ರಾಗಕ್ಕೆ ಕಣವ್ವ,” ಎಂದ ಮಾಯಣ್ಣ. “ಆ ಮಗೀಗೆ ಅದು ಕೇಳಿಸ್ಲೂ ಇಲ್ಲ. ನಿಂದು ನನ್ನ ಕೈಲಿ ಓದಕ್ಕಾಗಕಿಲ್ಲ. ಆಗಕಿಲ್ಲ.” ಹೀಗೆಂದು ಜೇಬಿನ ಹಾಳೆ ತೆಗೆದವನು ಅದನ್ನೇನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಅತ್ತ. ದೊಡ್ಡ ಗಂಡಸು, ತಕ್ಕಡಿಯ ಪಕ್ಕದಲ್ಲಿ, ಎಲ್ಲರೂ ನೋಡುವ ಹಾಗೆ, ಸ್ವರವಿಲ್ಲದೆ, ಮೂಗು ಸುರಿಸಿಕೊಂಡು ಅತ್ತ.

ಗಂಗಕ್ಕ ಯಾವಾಗ ಬಂದು ಹಿಂದೆ ನಿಂತಿದ್ದಳೋ ಅವನು ಕಂಡಿರಲಿಲ್ಲ. ಅವಳು ರಾಮಲಕ್ಷ್ಮಮ್ಮನ ರಟ್ಟೆ ಹಿಡಿದುಕೊಂಡಳು, ಬಿಗಿಯಾಗಿಯೇ. “ಇವತ್ತು ನಮ್ಮನೆಗೆ ನಡಿ. ನಿಮ್ಮಣ್ಣಂಗೆ ನಾನು ಹೇಳ್ತೀನಿ, ಅತ್ತಿಗೆಗೂ ಹೇಳ್ತೀನಿ, ಹೇಳೋ ತರ. ಒಬ್ಳೇ ಇರಬ್ಯಾಡ ಈಗ. ನಾಳೆ ಬೆಳಿಗ್ಗೆ ದೊಡ್ಡಾಸ್ಪತ್ರೆ ಡಾಕ್ಟ್ರಮ್ಮನ ಹತ್ರ ಹೋಗಿ ಇದನ್ನೇ ಬಾಯಿ ಬಿಟ್ಟು ಹೇಳಾನ. ಏನು, ಜ್ವರ ಬಂದ್ರೆ ಹೋಗಲ್ವಾ?” ರಾಮಲಕ್ಷ್ಮಮ್ಮ ರಟ್ಟೆಯನ್ನು ಬಿಡಿಸಿಕೊಳ್ಳಲಿಲ್ಲ. ಕೆಂಪಕ್ಕ ಕುಪ್ಪಸದ ಬಟ್ಟೆಯನ್ನು ಮಡಿಲಿನಿಂದ ತೆಗೆದು, ತಾನು ಮಾಡಿದ್ದೇನೆಂದು ಈಗ ಅರ್ಥವಾದ ಮುಖದಲ್ಲಿ, ಅವಳ ಬುಟ್ಟಿಯೊಳಗೆ ಇಟ್ಟು ಹೋದಳು. ಗದ್ದಿಗೆಯಿಂದ ಸಾಹುಕಾರರು ಎಲ್ಲ ನೋಡಿ, ಏನೂ ಅರ್ಥವಾಗದೆ, “ತೂಕ ಆಗ್ಲಪ್ಪ,” ಎಂದರು.

ಮರುದಿನ ಬೆಳಿಗ್ಗೆ ಮಂಡಿಯ ಗೇಟಿನಲ್ಲಿ ಗಂಗಕ್ಕನೂ ಕಾಣಲಿಲ್ಲ, ರಾಮಲಕ್ಷ್ಮಮ್ಮನೂ ಕಾಣಲಿಲ್ಲ. ಆಸ್ಪತ್ರೆಗೆ ಹೋಗಿರಬೇಕು ಎಂದು ತಲೆ ಹೇಳುತ್ತಿತ್ತು. ಕಣ್ಣು ಮಾತ್ರ ಗೇಟನ್ನು ಬಿಡಲಿಲ್ಲ. ಬೆಳಿಗ್ಗೆ ಅವನು ಹೊಂಬಾಳಮ್ಮನಿಗೆ ಎಲ್ಲವನ್ನೂ ಹೇಳಿದ್ದ. ಅವಳು ಮುದ್ದೆಕೋಲು ಕೆಳಗಿಟ್ಟು ಕೇಳಿ, “ಇಷ್ಟು ಮಾತಾಡ್ತೀಯ ಅಂತ ಗೊತ್ತೇ ಇರ್ಲಿಲ್ಲ,” ಎಂದಿದ್ದಳು. ಈ ಸಲ ಅದರಲ್ಲಿ ಕುಟುಕು ಇರಲಿಲ್ಲ. ತೂಕ ಎರಡು ಸಲ ತಪ್ಪಿತು. ಉಣ್ಣುವ ಹೊತ್ತಿಗೆ ಇಬ್ಬರೂ ಬಂದರು. ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿಸಿದರೆಂದೂ ಗುರುವಾರ ಮತ್ತೆ ಬರಲು ಹೇಳಿದ್ದಾರೆಂದೂ ಗಂಗಕ್ಕ ಹೇಳಿದಳು. ರಾಮಲಕ್ಷ್ಮಮ್ಮ ತನ್ನ ಜಾಗದಲ್ಲಿ ಕೂತು ಕೊಬ್ಬರಿ ಎಳೆದುಕೊಂಡಳು. ಮುಖ ಊದಿಕೊಂಡಿತ್ತು.

ಉಂಡಾದ ಮೇಲೆ ಪೇಪರು ಬಂದರೂ ಮಾಯಣ್ಣ ಬಿಚ್ಚಲಿಲ್ಲ. ಯಾರೂ ಕೇಳಲಿಲ್ಲ. ಸುಳ್ಳು ಓದುವವನನ್ನು ಯಾರು ಕೇಳುತ್ತಾರೆ? ಸ್ವಲ್ಪ ಹೊತ್ತಿನ ಮೇಲೆ ರಾಮಲಕ್ಷ್ಮಮ್ಮ ತಲೆ ಎತ್ತದೆ ಅಂದಳು: “ಓದ್ತೀನಿ ಅಂದಿದ್ದೆ ನೀನು. ನನ್ನ ಸುದ್ದಿ.”

ಅವನು ಅವಳನ್ನು ನೋಡಿದ. ಅವಳು ಆಟವಾಡುತ್ತಿದ್ದಾಳೋ ಪರೀಕ್ಷೆ ಮಾಡುತ್ತಿದ್ದಾಳೋ ತಿಳಿಯಲಿಲ್ಲ. ಪೇಪರು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದ, ಕಣ್ಣಿಗೆ ಅಕ್ಷರಗಳು ಕಾಣುತ್ತಿರಲಿಲ್ಲ. ಗಂಟಲಿಗೆ ಹಳೆಯ ಅಭ್ಯಾಸದಿಂದ ಏನೋ ಏರಿ ಬಂತು.

“ರಾಗ ಬ್ಯಾಡ,” ಎಂದಳು ಅವಳು. “ಸುಮ್ನೆ ಓದು.”

“ತಿಪಟೂರು,” ಎಂದು ಮಾಯಣ್ಣ ಓದಿದ. “ರಾಮಲಕ್ಷ್ಮಮ್ಮ ಎಂಬ ಹೆಣ್ಣುಮಗಳು ನಿನ್ನೆ ರಾತ್ರಿ ಗಂಗಕ್ಕನ ಮನೆಯಲ್ಲಿ…” ನಿಂತ. ಅಲ್ಲಿ ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಇನ್ನು ಸುಳ್ಳು ಓದುವ ಧೈರ್ಯವೂ ಇರಲಿಲ್ಲ.

“ಒಂದು ಮುದ್ದೆ ಉಂಡು ಮಲಗಿದ್ಲು,” ಎಂದಳು ಗಂಗಕ್ಕ. “ಅರ್ಧ ಬಿಟ್ಲು. ಅದ್ನೂ ಹೇಳು.”

“ಒಂದು ಮುದ್ದೆ ಉಂಡು, ಅರ್ಧ ಬಿಟ್ಟು, ಮಲಗಿದಳು.”

ಯಾರೂ ನಗಲಿಲ್ಲ. ಹುಳಿಯಾರಿನ ಕಡೆಯ ಹೆಂಗಸೊಬ್ಬಳು ಸುಮ್ಮನೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಂಪಕ್ಕ, ಹಿಂದಿನ ದಿನ ಆಡಿದ್ದು ಮರೆತವಳ ಹಾಗೆ, ಮುಂದಕ್ಕೆ ಬಾಗಿ ಕೇಳಿದಳು: “ಆಮ್ಯಾಕೆ?”

ಮಾಯಣ್ಣ ಹಾಳೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. “ಇಷ್ಟೇ ಐತೆ ಇವತ್ತು,” ಎಂದ.

ರಾಮಲಕ್ಷ್ಮಮ್ಮ ಕೈಯಲ್ಲಿದ್ದ ಕೊಬ್ಬರಿಯನ್ನು ತಿರುಗಿಸಿ ನೋಡುತ್ತಿದ್ದಳು. “ನಾಳೆ ಪೇಪರ್ ಬತ್ತದಲ್ಲ,” ಎಂದಳು. “ನೋಡಾನ.”

ಅದನ್ನು ನಂಬಬಹುದೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ನಾಳೆ ಬೆಳಿಗ್ಗೆಯೂ ಗೇಟಿನ ಕಡೆ ನೋಡುತ್ತ ನಿಲ್ಲಬೇಕು, ನಾಡಿದ್ದೂ ನಿಲ್ಲಬೇಕು ಎಂಬುದು ಮಾತ್ರ ತಿಳಿಯಿತು. ತಕ್ಕಡಿಯ ಹತ್ತಿರ ಹೋಗಿ, ಅವಳ ಬುಟ್ಟಿ ಬರುವುದನ್ನು ಕಾದು, ಕಲ್ಲು ಹಾಕಿ ಮುಳ್ಳು ನಿಲ್ಲುವ ತನಕ ಸುಮ್ಮನಿದ್ದು, ಗದ್ದಿಗೆಯ ತನಕ ಕೇಳುವ ಹಾಗೆ ಕೂಗಿದ: “ರಾಮಲಕ್ಷ್ಮಮ್ಮ ಒಂದು.”